ಕಬಿನಿಯ ದೋಣಿ, ಇಳಿಯುವ ನೀರು

ಎಚ್.ಡಿ. ಕೋಟೆಗೂ ಸಮುದ್ರಕ್ಕೂ ನಡುವೆ ಕಾಡಿದೆ, ವಯನಾಡಿದೆ, ಘಟ್ಟವಿದೆ. ಹಡಗು ಇತ್ತ ತಲೆ ಹಾಕುವ ಮಾತೇ ಇಲ್ಲ. ಆದರೂ ದೋಣಿ ಹತ್ತುವುದಕ್ಕೆಂದೇ ದೇಶ ವಿದೇಶಗಳಿಂದ ಜನ ಹುಡುಕಿಕೊಂಡು ಬರುವ ಜಾಗವೊಂದು ಈ ತಾಲ್ಲೂಕಿನಲ್ಲಿದೆ. ಕಾರಾಪುರದ ಕಡೆಯಿಂದ ಕಬಿನಿ ಹಿನ್ನೀರಿಗೆ ಇಳಿದರೆ ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದು ದಡದಲ್ಲಿ ಬಂಡೀಪುರ. ನಡುವೆ ಒಂದು ಮೋಟಾರು ದೋಣಿ, ಅದರಲ್ಲಿ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ತೊಟ್ಟು, ಬೈನಾಕ್ಯುಲರ್ ಕಣ್ಣಿಗೆ ಒತ್ತಿಕೊಂಡು ಕೂತ ಜನ.

ಹೀಗೆ ನೋಡುವುದಕ್ಕೆಂದೇ ನೀರಿನ ಮೇಲೆ ಸುತ್ತುವ ಹಡಗಿನ ವಿಹಾರ ಬಹಳ ಹಳೆಯ ಶೋಕಿಯೇನಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕರು ಕಡಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದ ಕಾಲವದು. ಜರ್ಮನಿಯ ಹಡಗು ವ್ಯಾಪಾರಿ ಆಲ್ಬರ್ಟ್ ಬಾಲಿನ್ 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ' ಎಂಬ ತನ್ನ ಕಂಪನಿಯ ಹಡಗನ್ನು ಸಿರಿವಂತ ಪ್ರವಾಸಿಗಳಿಂದ ತುಂಬಿಸಿ ಮೆಡಿಟರೇನಿಯನ್ ಸಮುದ್ರಕ್ಕೆ ಕಳಿಸಿದ. ಎಲ್ಲಿಗೋ ತಲುಪಬೇಕೆಂಬ ಅವಸರವಿಲ್ಲದೆ, ಬಂದರಿನಿಂದ ಬಂದರಿಗೆ ಸುತ್ತಾಡಿ ಹೊರಟಲ್ಲಿಗೇ ಮರಳುವ ಪ್ರಯಾಣ. ಇಂದು ಕೆರಿಬಿಯನ್ ದ್ವೀಪಗಳು, ಮೆಡಿಟರೇನಿಯನ್ ತೀರ, ನಾರ್ವೆಯ ಕಡಲ ಕಣಿವೆಗಳು, ಅಲಾಸ್ಕಾದ ಹಿಮನದಿಗಳು, ಈಜಿಪ್ಟಿನ ನೈಲ್ ಈ ವ್ಯಾಪಾರದ ದೊಡ್ಡ ಹೆಸರುಗಳು. 2024ರಲ್ಲಿ ಮೊದಲ ಪ್ರಯಾಣ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ 365 ಮೀಟರ್. ಪೂರ್ತಿ ತುಂಬಿದರೆ ಏಳು ಸಾವಿರಕ್ಕೂ ಮೀರಿ ಪ್ರಯಾಣಿಕರು ಹಿಡಿಯುತ್ತಾರೆ. ಅದರೊಳಗೆ ಈಜುಕೊಳವಿದೆ, ನಾಟಕಶಾಲೆಯಿದೆ, ನೀರಿನ ಜಾರುಬಂಡೆಯಿದೆ. ಇಷ್ಟೆಲ್ಲ ಹೊತ್ತುಕೊಂಡು ಹೋದರೂ ಆ ಹಡಗಿನ ಜಾಹೀರಾತಿನಲ್ಲಿ ದ್ವೀಪದ ಮರಳು ತಪ್ಪದೆ ಕಾಣಿಸುತ್ತದೆ. ಜನ ಕೊನೆಗೂ ಕೇಳುವುದು ದಡದಲ್ಲಿ ಏನಿದೆ ಎಂದು.

ಕನ್ನಡ ನಾಡಿನಲ್ಲಿ ಇದಕ್ಕೆ ಸಾಕ್ಷಿ ಮಂಗಳೂರು. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ದೇವಸ್ಥಾನ, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಚಿತ್ರಗಳು, ಒಂದು ಗೇರುಬೀಜದ ಕಾರ್ಖಾನೆ, ಇಷ್ಟನ್ನು ನೋಡಿಕೊಂಡು ಸಂಜೆಯೊಳಗೆ ಹಡಗು ಹತ್ತುತ್ತಾರೆ. ಅವರ ಪಾಲಿಗೆ ಮಂಗಳೂರು ಒಂದು ಹಗಲಿನ ಊರು.

ಕಬಿನಿಯ ದಡದ ಕತೆ ಬೇರೆ. ಇಲ್ಲಿ ದಡವೇ ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತದೆ.

ಅದು ಹೇಗೆಂದರೆ, ಕಬಿನಿ ಹುಟ್ಟುವುದು ವಯನಾಡಿನಲ್ಲಿ, ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡುವಲ್ಲಿ. ಕೇರಳದಿಂದ ಪೂರ್ವಕ್ಕೆ ಹರಿಯುವ ಮೂರೇ ಮೂರು ನದಿಗಳಲ್ಲಿ ಇದೂ ಒಂದು. ಈ ನದಿಗೆ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಟ್ಟಿದ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ ಸಮುದ್ರದಿಂದ 2284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ಜೂನ್‌ನಲ್ಲಿ ವಯನಾಡಿನ ಮೇಲೆ ಮುಂಗಾರು ಬಿದ್ದಿತೆಂದರೆ ಕಬಿನಿ ತುಂಬಲು ತಡವಾಗುವುದಿಲ್ಲ. ಕಾವೇರಿ ಕಣಿವೆಯ ಜಲಾಶಯಗಳಲ್ಲಿ ಹೆಚ್ಚಿನ ವರ್ಷ ಮೊದಲು ತುಂಬುವುದೂ ಇದೇ. ಮೈಸೂರಿನವರು ಇನ್ನೂ ಕೆಆರ್‌ಎಸ್‌ ಮಟ್ಟ ಎಷ್ಟಾಯಿತು ಎಂದು ಪತ್ರಿಕೆ ನೋಡುತ್ತಿರುವಾಗಲೇ ಕಬಿನಿಯ ಗೇಟು ಎತ್ತಿ, ನಂಜನಗೂಡಿನ ಸ್ನಾನಘಟ್ಟಕ್ಕೆ ನೀರು ನುಗ್ಗಿರುತ್ತದೆ.

ಮಳೆಗಾಲದಲ್ಲಿ ದೋಣಿ ಹತ್ತಿದವರಿಗೆ ಕಾಣುವುದು ಬರೀ ನೀರು. ಕಾಡಿನ ಅಂಚಿನವರೆಗೂ ನೀರು, ಅದರಾಚೆ ಹಸಿರು ಗೋಡೆ. ಆನೆಗೆ ಆಗ ಕಾಡಿನೊಳಗೇ ಮೇವು, ಕೆರೆಕಟ್ಟೆಗಳಲ್ಲೇ ನೀರು. ಅದು ಹೊಳೆ ದಡಕ್ಕೆ ಯಾಕೆ ಬರಬೇಕು?

ಸಂಕ್ರಾಂತಿ ಕಳೆಯಲಿ. ನಾಲೆಗಳಿಗೆ ಬಿಟ್ಟದ್ದು, ಕುಡಿಯಲು ಬಿಟ್ಟದ್ದು, ಬಿಳಿಗುಂಡ್ಲುವಿನಲ್ಲಿ ಲೆಕ್ಕ ಹಾಕಿ ತಮಿಳುನಾಡಿಗೆ ಬಿಟ್ಟದ್ದು, ಬಿಸಿಲು ಹೀರಿದ್ದು ಎಲ್ಲ ಸೇರಿ ಹಿನ್ನೀರು ಇಳಿಯತೊಡಗುತ್ತದೆ. ಇಳಿದಷ್ಟೂ ಮೆಕ್ಕಲು ನೆಲ ಬಯಲಾಗುತ್ತದೆ, ಅದರ ಹಸಿಯಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಕಾಡಿನೊಳಗಿನ ಕೆರೆಗಳು ಬತ್ತಿ, ಬಿದಿರು ಒಣಗಿ ನಿಂತಿರುವಾಗ ಸುತ್ತಮುತ್ತ ಹಸಿರಾಗಿ ಉಳಿಯುವುದು ಈ ಹಿನ್ನೀರ ಬಯಲು ಮಾತ್ರ. ಬಂಡೀಪುರ, ನಾಗರಹೊಳೆ, ವಯನಾಡು ಕಡೆಯ ಆನೆಗಳೆಲ್ಲ ಇತ್ತ ಇಳಿಯುತ್ತವೆ. ಏಷ್ಯಾದ ಆನೆಗಳು ಬೇಸಿಗೆಯಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗ ಬೇರೊಂದು ಸಿಗುವುದು ಕಷ್ಟ ಎಂದು ವನ್ಯಜೀವಿ ತಜ್ಞರು ಹೇಳುತ್ತಾರೆ.

ಅಂದರೆ ಕಬಿನಿಯ ಪ್ರವಾಸಿ ಹಂಗಾಮನ್ನು ನಿರ್ಧರಿಸುವುದು ಹೋಟೆಲಿನವರೂ ಅಲ್ಲ, ಪ್ರವಾಸೋದ್ಯಮ ಇಲಾಖೆಯೂ ಅಲ್ಲ. ಅಣೆಕಟ್ಟೆಯ ಮೇಲೆ ಕೂತು ಗೇಟು ಎತ್ತುವ ಇಳಿಸುವ ನೀರಾವರಿ ಎಂಜಿನಿಯರು ಮತ್ತು ಕೆಳಗೆ ಭತ್ತ ನಾಟಿ ಮಾಡಿ ನೀರಿಗೆ ಕಾಯುವ ರೈತ, ಇವರಿಬ್ಬರ ನಡುವಿನ ವ್ಯವಹಾರದಿಂದ ಆನೆಗೆ ಹುಲ್ಲು ಹುಟ್ಟುತ್ತದೆ. ದೊಡ್ಡ ಬಾಡಿಗೆ ಕೊಟ್ಟು ತಂಗಿದ ಅತಿಥಿಗೆ ಈ ಸಂಗತಿಯನ್ನು ಯಾರೂ ಹೇಳುವಂತೆ ಕಾಣುವುದಿಲ್ಲ.

ಬೇಸಿಗೆಯ ಒಂದು ಸಂಜೆ ದೋಣಿ ಹೊರಡುತ್ತದೆ ಎನ್ನಿ. ಮೊದಲು ಕಾಣುವುದು ನೀರಿನಿಂದ ತಲೆಯೆತ್ತಿ ನಿಂತ ಒಣ ಮರಗಳು. ಐವತ್ತು ವರ್ಷದ ಹಿಂದೆ ಮುಳುಗಿದ ಕಾಡಿನ ಬೊಡ್ಡೆಗಳಿವು. ಹಾವಕ್ಕಿ ರೆಕ್ಕೆ ಹರವಿ ಒಣಗಿಸಿಕೊಳ್ಳುವುದೂ, ನೀರುಕಾಗೆಗಳು ಸಾಲಾಗಿ ಕೂರುವುದೂ, ಮೀನು ಹಿಡಿಯುವ ಡೇಗೆ ಹೊಂಚು ಹಾಕುವುದೂ ಇವುಗಳ ಮೇಲೆಯೇ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿರುತ್ತದೆ. ನೀರುನಾಯಿಗಳ ಗುಂಪು ಒಂದು ಕ್ಷಣ ಕಂಡು ಮುಳುಗುತ್ತದೆ. ದಡ ಹತ್ತಿರವಾದಂತೆ ಚಾಲಕ ಎಂಜಿನ್ ನಿಲ್ಲಿಸುತ್ತಾನೆ. ಆಮೇಲಿನ ಸದ್ದು ಆನೆ ಹುಲ್ಲು ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸುವ ಸದ್ದು. ಜೀಪಿನಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. ಆನೆ ನೆಲದ ಮೇಲಿನ ವಾಹನಕ್ಕೆ ಅಂಜುವಷ್ಟು ನೀರಿನ ಮೇಲಿನ ದೋಣಿಗೆ ಅಂಜುವುದಿಲ್ಲ, ಮರಿಯನ್ನು ನಡುವೆ ಇಟ್ಟುಕೊಂಡು ಮೇಯುತ್ತಲೇ ಇರುತ್ತದೆ.

ಹುಲಿ ನೋಡಲೆಂದೇ ಬಂದವರು ದೋಣಿಯಲ್ಲಿ ಸ್ವಲ್ಪ ಚಡಪಡಿಸುತ್ತಾರೆ. ಅವರಿಗೆ ಕಾಡು ಎಂದರೆ ಹುಲಿ, ಇಲ್ಲದಿದ್ದರೆ ಕರಿಚಿರತೆ. 'ಸಾಯಾ' ಎಂದು ಹೆಸರಾದ ಕಬಿನಿಯ ಕರಿಚಿರತೆ 2020ರ ನ್ಯಾಷನಲ್ ಜಿಯಾಗ್ರಫಿಕ್ ಚಿತ್ರದಿಂದ ಜಗತ್ತಿಗೇ ಪರಿಚಯವಾದ ಮೇಲೆ ಆ ಚಡಪಡಿಕೆ ಇನ್ನಷ್ಟು ಹೆಚ್ಚಿತು. ಆದರೆ ದೋಣಿಯ ನಿಜವಾದ ನಾಯಕ ಬಹುಕಾಲ ಭೋಗೇಶ್ವರನೇ. ನೆಲ ಮುಟ್ಟುವಂಥ ದಂತದ ಆ ಸಲಗ ಹಿನ್ನೀರ ಬಯಲಿನಲ್ಲಿ ಸಾವಧಾನವಾಗಿ ಮೇಯುತ್ತ, ಛಾಯಾಗ್ರಾಹಕರಿಗೆ ಬೇಸರವಿಲ್ಲದೆ ಮುಖ ಕೊಡುತ್ತಿದ್ದ. 2022ರ ಜೂನ್‌ನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ಅವನು ವಯಸ್ಸಾಗಿ ಸತ್ತಾಗ ಅಳೆದು ನೋಡಿದರು. ಒಂದು ದಂತ 2.54 ಮೀಟರ್, ಇನ್ನೊಂದು 2.34 ಮೀಟರ್. ಅಂಥ ದಂತ ಹೊತ್ತ ಆನೆ ಅರವತ್ತು ವರ್ಷ ಬದುಕಿ ಸಹಜವಾಗಿ ಸತ್ತದ್ದು ಈ ಕಾಡನ್ನು ಕಾಯ್ದವರಿಗೆ ಸಿಕ್ಕ ದೊಡ್ಡ ಪ್ರಶಸ್ತಿ.

ಆನೆ ನೋಡಲು ಹೊರಗಿನವರು ಇಲ್ಲಿಗೆ ಬರುವುದು ಅಣೆಕಟ್ಟೆಗಿಂತಲೂ ಹಳೆಯ ವಾಡಿಕೆ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಮೈಸೂರು ಸೀಮೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ಪದ್ಧತಿಯನ್ನು ಆರಂಭಿಸಿದ. ಮುಂದೆ ಕಬಿನಿ ದಡದ ಕಾಕನಕೋಟೆಯೇ ಖೆಡ್ಡಾದ ತವರಾಯಿತು. ನೂರಾರು ಜನ ತಮಟೆ, ಬೆಂಕಿ, ಕೂಗುಗಳಿಂದ ಆನೆ ಹಿಂಡನ್ನು ಕಾಡಿನಿಂದ ಎಬ್ಬಿಸಿ ಕಬಿನಿ ನದಿಗೆ ಇಳಿಸುವುದು, ಪಳಗಿದ ಆನೆಗಳ ಸಾಲು ಕಟ್ಟಿ ಅವನ್ನು ಹೊಳೆ ದಾಟಿಸಿ ಮರದ ದಿಮ್ಮಿಗಳ ಬೇಲಿಯೊಳಕ್ಕೆ ನುಗ್ಗಿಸುವುದು. ಮಹಾರಾಜರ ಅತಿಥಿಗಳು, ರಾಜಕುಮಾರರು, ವೈಸರಾಯರು ಅಟ್ಟಣೆಯ ಮೇಲೆ ಕೂತು ಇದನ್ನು ನೋಡುತ್ತಿದ್ದರು. ಓಡಿಸುವವರು, ಹಗ್ಗ ಬಿಗಿಯುವವರು, ಆಮೇಲೆ ವರ್ಷಗಟ್ಟಲೆ ಆ ಆನೆಗಳ ಜೊತೆ ಬದುಕಿ ಪಳಗಿಸುವವರು ಮಾತ್ರ ಜೇನುಕುರುಬರು, ಕಾಡುಕುರುಬರು, ಮಾವುತ ಕಾವಾಡಿಗಳು. ಅಟ್ಟಣೆಯ ಮೇಲಿನವರ ಹೆಸರು ದಾಖಲೆಯಲ್ಲಿ ಉಳಿಯಿತು, ಕೆಳಗಿದ್ದವರದು ಉಳಿಯಲಿಲ್ಲ.

ಒಬ್ಬ ಹುಡುಗ ಮಾತ್ರ ಇದಕ್ಕೆ ಹೊರತು. ಇದೇ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಪ್ರಸಿದ್ಧ ನಿರ್ದೇಶಕ ಚಿತ್ರ ತೆಗೆಯಲು ಮೈಸೂರಿಗೆ ಬಂದಾಗ, ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು, ಖೆಡ್ಡಾ ನಾಡಿನ ಕಾಡೂ ಆನೆಗಳೂ ಲಂಡನ್ನಿನ ಚಿತ್ರಮಂದಿರ ಸೇರಿದವು. ಸಾಬು ಆಮೇಲೆ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ನಟಿಸಿದ, ಹಾಲಿವುಡ್‌ಗೆ ಹೋದ, ಅಮೆರಿಕದ ಪ್ರಜೆಯಾದ, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಯ ಬಂದೂಕುಗಾರನಾಗಿ ಹಾರಿದ. 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅಮೆರಿಕದಲ್ಲೇ ತೀರಿಕೊಂಡ. ಹಾಲಿವುಡ್‌ನ ಬೀದಿಯಲ್ಲಿ ಅವನ ಹೆಸರಿನ ನಕ್ಷತ್ರವಿದೆ.

ಖೆಡ್ಡಾದ ಇನ್ನೊಂದು ನೆನಪು ಇನ್ನೂ ಹಸಿಯಾಗಿದೆ. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸೆರೆ ಸಿಕ್ಕ ಒಂದು ಮರಿಯೇ ಅರ್ಜುನ. ನಾಗರಹೊಳೆಯ ಬಳ್ಳೆ ಶಿಬಿರದ ಆನೆ, ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗವೊಂದರ ಜೊತೆ ಕಾದಾಡಿ ಸತ್ತ. ಬಳ್ಳೆಯಲ್ಲಿ ಅವನ ಸ್ಮಾರಕವಿದೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆ ಅಲ್ಲಿಂದಲೇ ಹಾಯುತ್ತದೆ.

1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಬಂಡೀಪುರ ದೇಶದ ಮೊದಲ ಒಂಬತ್ತು ಹುಲಿ ಯೋಜನಾ ಪ್ರದೇಶಗಳಲ್ಲಿ ಒಂದಾಯಿತು. 1974ಕ್ಕೆ ಅಣೆಕಟ್ಟೆ ಮುಗಿದು ಕಾಕನಕೋಟೆ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ನಾಲ್ಕೇ ವರ್ಷದಲ್ಲಿ ಈ ಕಣಿವೆಯ ಜಾತಕ ಬದಲಾಯಿತು. ಆನೆ ಹಿಡಿಯುವ ನೆಲ ಹೋಗಿ ಆನೆ ನೋಡುವ ನೀರು ಬಂತು.

ಕರ್ನಾಟಕ ಸರ್ಕಾರ 1980ರಲ್ಲಿ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆ ಸೇರಿ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿತು. 1984ರಲ್ಲಿ ಕಾರಾಪುರದ ಹಳೆಯ ರಾಜಬಂಗಲೆಗಳ ಆವರಣದಲ್ಲಿ ಕಬಿನಿ ರಿವರ್ ಲಾಡ್ಜ್ ತೆರೆಯಿತು. ಅದನ್ನು ರೂಪಿಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್, ಬಿಹಾರದ ಗಯೆಯಲ್ಲಿ ಹುಟ್ಟಿದ ಬ್ರಿಟಿಷ್ ಮೂಲದ ಭಾರತೀಯ. ಎಲ್ಲರ ಬಾಯಲ್ಲೂ 'ಪಾಪಾ' ಆಗಿದ್ದ ಅವರು ಆ ಲಾಡ್ಜಿನಲ್ಲೇ ನೆಲೆಸಿ 2010ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಕಣ್ಮುಚ್ಚಿದರು. ಬೇಟೆ ಬಲ್ಲ ಕೈಗಳೇ ಬಂದೂಕು ಕೆಳಗಿಟ್ಟು ಕಾಡು ತೋರಿಸುವ ಉದ್ಯೋಗಕ್ಕೆ ಇಳಿದದ್ದು ಆ ಪೀಳಿಗೆಯ ಕತೆ.

ಅಣೆಕಟ್ಟೆಯ ನೀರೇ ವಿಹಾರದ ತಾಣವಾದದ್ದು ಕಬಿನಿಯಲ್ಲಿ ಮಾತ್ರವಲ್ಲ. ಆಫ್ರಿಕಾದಲ್ಲಿ ಜಾಂಬಿಯಾ ಮತ್ತು ಜಿಂಬಾಬ್ವೆ ನಡುವೆ ಕರೀಬಾ ಸರೋವರವಿದೆ. ಜಾಂಬೆಜಿ ನದಿಗೆ ಕಟ್ಟಿದ ಅಣೆಕಟ್ಟೆ 1959ರಲ್ಲಿ ಮುಗಿದಾಗ ಸುಮಾರು 57 ಸಾವಿರ ಟೋಂಗಾ ಜನ ತಮ್ಮ ನದಿದಡ ಬಿಟ್ಟು ಹೋಗಬೇಕಾಯಿತು. ಏರುವ ನೀರಿನಲ್ಲಿ ದ್ವೀಪಗಳ ಮೇಲೆ ಸಿಕ್ಕಿಬಿದ್ದ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ದೋಣಿಗಳಲ್ಲಿ ಸಾಗಿಸಿದ ಸಾಹಸ ಜಗತ್ಪ್ರಸಿದ್ಧವಾಯಿತು, ಅದಕ್ಕೆ 'ಆಪರೇಷನ್ ನೋವಾ' ಎಂದು ಹೆಸರಿಟ್ಟರು. ಇಂದು ಅಲ್ಲಿ ದೋಣಿಮನೆಗಳಲ್ಲಿ ವಾಸ, ಮಟುಸಡೋನಾ ಕಾಡಿನ ದಡದಲ್ಲಿ ನೀರು ಇಳಿದಾಗ ಚಿಗುರುವ ಹುಲ್ಲಿಗೆ ಬರುವ ಆನೆ, ಕಾಡೆಮ್ಮೆಗಳ ದರ್ಶನ. ನೀರಿನಿಂದ ತಲೆ ಎತ್ತಿದ ಒಣ ಮರಗಳೂ ಅಲ್ಲಿವೆ. ಈಜಿಪ್ಟಿನ ನಾಸೆರ್ ಸರೋವರದಲ್ಲೂ ಇಂಥದೇ ಕತೆ. ಆಸ್ವಾನ್ ಅಣೆಕಟ್ಟೆಯ ನೀರಿಗೆ ನ್ಯೂಬಿಯನ್ನರ ಊರುಗಳು ಮುಳುಗಿದವು, ಅಬು ಸಿಂಬೆಲ್ ದೇವಾಲಯವನ್ನು 1964ರಿಂದ 1968ರ ನಡುವೆ ತುಂಡು ತುಂಡಾಗಿ ಕೊಯ್ದು ಎತ್ತರಕ್ಕೆ ಸಾಗಿಸಿದರು. ಈಗ ಪ್ರವಾಸಿ ಹಡಗುಗಳು ಅದರ ಎದುರಿಗೇ ಲಂಗರು ಹಾಕುತ್ತವೆ. ಕೆಆರ್‌ಎಸ್‌ ನೀರಿಗೆ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯೂ ಹೀಗೇ ನೀರು ಬಿಟ್ಟು ದಡ ಸೇರಿದವನು. ಖೋಡೇ ಫೌಂಡೇಷನ್‌ನವರು ಕಲ್ಲುಕಲ್ಲನ್ನೂ ಎತ್ತಿ ತಂದು ಹೊಸ ಕನ್ನಂಬಾಡಿಯಲ್ಲಿ ದೇವಸ್ಥಾನವನ್ನು ಮತ್ತೆ ಕಟ್ಟಿದರು.

ದೇವರಿಗೆ ಹೊಸ ಜಾಗ ಸಿಕ್ಕಷ್ಟು ಸುಲಭವಾಗಿ ಜನರಿಗೆ ಸಿಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ಕಬಿನಿಯ ನೀರಿಗೆ ಹಳ್ಳಿಗಳು ಹೋದವು, ಆದಿವಾಸಿಗಳ ಹಾಡಿಗಳು ಹೋದವು. ಆಮೇಲೆ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಕಾಡಿನೊಳಗಿದ್ದವರೂ ಹೊರಗೆ ಬಂದರು. ಹುಣಸೂರು ತಾಲ್ಲೂಕಿನ ನಾಗಾಪುರ ಅಂಥವರ ಪುನರ್ವಸತಿ ಕೇಂದ್ರ. ಅವರನ್ನು ಕಾಡಿನಿಂದ ಹೊರಗೆ ಕಳಿಸುವ ಮಾತು ನಡೆಯುತ್ತಿದ್ದ 1990ರ ದಶಕದಲ್ಲೇ ನಾಗರಹೊಳೆಯೊಳಗೆ ತಾಜ್ ಸಮೂಹದ ಹೋಟೆಲೊಂದು ಮೇಲೇಳತೊಡಗಿತ್ತು. ನಾವು ಒಳಗಿರಬಾರದು, ಹೋಟೆಲು ಇರಬಹುದೇ ಎಂದು ಆದಿವಾಸಿಗಳು ಹೋರಾಟಕ್ಕಿಳಿದು ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧ ಎಂದಿತು. ಹೋಟೆಲು ತೆರೆಯಲಿಲ್ಲ. ಆ ಪ್ರಶ್ನೆ ಕೇಳಿದವರು ಸರಿಯಾಗಿಯೇ ಕೇಳಿದರು.

ಪ್ರಶ್ನೆ ಇನ್ನೂ ಮುಗಿದಿಲ್ಲ. 2025ರ ಶರತ್ಕಾಲದಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಊರವರ ಸಿಟ್ಟು ಸಫಾರಿಯ ಮೇಲೆ ತಿರುಗಿತು. ವಾಹನಗಳ ಗದ್ದಲಕ್ಕೆ ಪ್ರಾಣಿಗಳು ಹೊರಗೆ ಬರುತ್ತಿವೆ ಎಂಬುದು ಅವರ ದೂರು. ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಕಾವಲಿಗೆ ಹಾಕಲು ಆದೇಶಿಸಿತು. ಹುಲಿ ಹೊರಬರಲು ಸಫಾರಿಯೇ ಕಾರಣವೇ ಎಂಬುದು ವಿಜ್ಞಾನಿಗಳು ಉತ್ತರಿಸಬೇಕಾದ ಮಾತು. ಆದರೆ ರಾತ್ರಿ ಹೊಲ ಕಾಯುವವನ ಕಣ್ಣಿಗೆ ಹಗಲು ಜೀಪಿನಲ್ಲಿ ಹೋಗುವವನು ಹೇಗೆ ಕಾಣುತ್ತಾನೆ ಎಂಬುದನ್ನು ತಿಳಿಯಲು ವಿಜ್ಞಾನ ಬೇಡ. ವೆನಿಸ್‌ನಲ್ಲಿ ಆದದ್ದೂ ಹೆಚ್ಚುಕಡಮೆ ಇದೇ. ಬೃಹತ್ ಹಡಗುಗಳು ಊರ ನಡುವಿನ ಕಾಲುವೆಗೆ ನುಗ್ಗುವುದನ್ನು ಅಲ್ಲಿನ ಜನ ವರ್ಷಗಟ್ಟಲೆ ವಿರೋಧಿಸಿದ ಮೇಲೆ 2021ರ ಆಗಸ್ಟ್‌ನಿಂದ ಅವಕ್ಕೆ ತಡೆ ಬಿತ್ತು. ಅಲಾಸ್ಕಾದ ಗ್ಲೇಸಿಯರ್ ಬೇ ಉದ್ಯಾನದಲ್ಲಿ ದಿನಕ್ಕೆ ಎರಡೇ ವಿಹಾರ ನೌಕೆಗಳಿಗೆ ಅನುಮತಿ. ಎರಡೇ ಎಂದದ್ದರಿಂದ ಅದರ ಬೆಲೆ ಇಳಿದಿಲ್ಲ.

ಸುರಕ್ಷತೆಯ ಮಾತೊಂದು ಉಳಿದಿದೆ. ಕೇರಳದ ತೇಕ್ಕಡಿಯೂ ಅಣೆಕಟ್ಟೆಯ ಹಿನ್ನೀರೇ, 1895ರ ಮುಲ್ಲಪೆರಿಯಾರ್ ಅಣೆಕಟ್ಟೆಯದು. 2009ರ ಸೆಪ್ಟೆಂಬರ್ 30ರಂದು ಅಲ್ಲಿ 'ಜಲಕನ್ಯಕ' ಎಂಬ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಪ್ರಾಣಿ ಕಂಡಿತೆಂದು ಜನರೆಲ್ಲ ಒಂದೇ ಬದಿಗೆ ನುಗ್ಗಿದ್ದರು ಎಂದು ಆಗ ವರದಿಯಾಗಿತ್ತು. ಕಬಿನಿಯಲ್ಲಿ ದೋಣಿಯವರು ಎದ್ದು ನಿಲ್ಲಬೇಡಿ ಎಂದು ಗದರಿದರೆ ಮುಖ ಗಂಟಿಕ್ಕಬಾರದು.

ಎಚ್.ಡಿ. ಕೋಟೆಯ ಸುತ್ತಲಿನ ಉಳಿದ ತಾಲ್ಲೂಕುಗಳಲ್ಲಿ ನೀರಿನ ಮೇಲಿನ ವಿಹಾರ ಇಷ್ಟು ದೊಡ್ಡದಾಗಿ ಬೆಳೆದಿಲ್ಲ. ಪಿರಿಯಾಪಟ್ಟಣದವರು ಕಾವೇರಿ ದಾಟಲು ದುಬಾರೆಗೆ ಹೋಗುತ್ತಾರೆ, ಬೇಸಿಗೆಯಲ್ಲಿ ಅಲ್ಲಿ ದೋಣಿ ಬಿಟ್ಟು ಬಂಡೆಯ ಮೇಲೆಯೇ ನಡೆಯಬಹುದು. ಹುಣಸೂರಿನ ಲಕ್ಷ್ಮಣತೀರ್ಥ ಬೇಸಿಗೆಯಲ್ಲಿ ದೋಣಿ ಹೊರುವ ಹೊಳೆಯಲ್ಲ. ಕೆ.ಆರ್. ನಗರದ ಕಡೆ ಚುಂಚನಕಟ್ಟೆಯ ಜಲಪಾತವಿದೆ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ನೆಲೆಸಿದ ಕಪ್ಪಡಿ ಕ್ಷೇತ್ರ ಕಾವೇರಿಯ ದಡದಲ್ಲೇ ಇದೆ. ಕಪ್ಪಡಿ ಜಾತ್ರೆಗೆ ಬರುವ ಜನಸಾಗರದ ಮುಂದೆ ಯಾವ ವಿಹಾರ ನೌಕೆಯ ಲೆಕ್ಕವೂ ಚಿಕ್ಕದು. ಅಲ್ಲಿ ದೋಣಿ ಉದ್ಯಮ ಬೆಳೆಸಬೇಕೆಂದು ಯಾರಾದರೂ ಹೊರಟರೆ, ಬೇಡ ಎನ್ನುವುದೇ ಮೇಲು.

ಕಬಿನಿಗೆ ಹೋಗುವವರಿಗೆ ಇಷ್ಟು ಹೇಳಬಹುದು. ಸಫಾರಿ ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಆನೆ ನೋಡಬೇಕಿದ್ದರೆ ಮಾರ್ಚ್‌ನಿಂದ ಮೇ ನಡುವೆ ಹೋಗಿ, ನೀರು ಇಳಿದಷ್ಟೂ ಒಳ್ಳೆಯದು. ಇನ್ನು ದೋಣಿ ನಡೆಸುವ ಸಂಸ್ಥೆ ಮತ್ತು ಅರಣ್ಯ ಇಲಾಖೆಗಳಲ್ಲಿ ಒಂದು ಕೋರಿಕೆ. ದೋಣಿ ಹೊರಡುವ ಕಟ್ಟೆಯ ಬಳಿ, ಹಕ್ಕಿಗಳ ಚಿತ್ರಪಟದ ಪಕ್ಕದಲ್ಲೇ, ನೀರಿನಡಿ ಹೋದ ಹಳ್ಳಿ ಮತ್ತು ಹಾಡಿಗಳ ಹೆಸರುಗಳನ್ನು ಕನ್ನಡದಲ್ಲಿ ಬರೆಸಿ ಹಾಕಿ. ಆ ಹಾಡಿಗಳಿಂದ ಬಂದ ಮನೆಗಳ ಹುಡುಗ ಹುಡುಗಿಯರಿಗೆ ಅದನ್ನು ಓದಿ ವಿವರಿಸುವ ಕೆಲಸ ಕೊಡಿ.